ಫಂಕ್ಷನಲ್ ಪ್ರೋಗ್ರಾಮಿಂಗ್‌ನಲ್ಲಿ ವಿನ್ಯಾಸ ಹೊಂದಾಣಿಕೆ ಮತ್ತು ಷರತ್ತು ಉಕ್ತಿ

ವಿನ್ಯಾಸ ಹೊಂದಾಣಿಕೆ ಅಥವಾ ಪ್ಯಾಟರ್ನ್ ಮ್ಯಾಚಿಂಗ್ ಎಂಬುದು ಒಂದು ಬೆಲೆಯ ರೂಪವನ್ನು ಪರೀಕ್ಷಿಸಿ, ಆ ರೂಪಕ್ಕೆ ತಕ್ಕ ಲೆಕ್ಕಾಚಾರವನ್ನು ಆಯ್ದುಕೊಳ್ಳುವ ಮತ್ತು ಅದೇ ಹೊತ್ತಿನಲ್ಲಿ ಆ ಬೆಲೆಯ ಒಳಭಾಗಗಳಿಗೆ ಹೆಸರು ಕೊಡುವ ಪ್ರೋಗ್ರಾಮಿಂಗ್ ವಿಧಾನ. ಹ್ಯಾಸ್ಕೆಲ್, ಓಕ್ಯಾಮಲ್, ಸ್ಟ್ಯಾಂಡರ್ಡ್ ಎಂಎಲ್, ಎರ್ಲಾಂಗ್, ಎಲಿಕ್ಸಿರ್, ಎಫ್ ಶಾರ್ಪ್ ಮತ್ತು ಸ್ಕಾಲಾ ಭಾಷೆಗಳಲ್ಲಿ ಇದು ಮೂಲಭೂತ ಸೌಲಭ್ಯವಾಗಿದೆ. ಇದಕ್ಕೆ ಹತ್ತಿರದ ಮತ್ತೊಂದು ಪರಿಕಲ್ಪನೆ ಷರತ್ತು ಉಕ್ತಿ. ಒಂದು ಷರತ್ತು ನಿಜವೋ ಸುಳ್ಳೋ ಎಂಬುದನ್ನು ನೋಡಿ ಎರಡು ಬೆಲೆಗಳಲ್ಲಿ ಒಂದನ್ನು ಕೊಡುವುದು ಅದರ ಕೆಲಸ. ಷರತ್ತು ಉಕ್ತಿ ಹೌದು-ಅಲ್ಲ ಎಂಬ ಎರಡೇ ದಾರಿಗಳನ್ನು ತೆರೆಯುತ್ತದೆ. ವಿನ್ಯಾಸ ಹೊಂದಾಣಿಕೆ ದತ್ತಾಂಶಕ್ಕೆ ಎಷ್ಟು ರೂಪಗಳಿವೆಯೋ ಅಷ್ಟು ದಾರಿಗಳನ್ನು ತೆರೆಯುತ್ತದೆ.

ಈ ಲೇಖನದ ಉದಾಹರಣೆಗಳು ಯಾವುದೇ ಒಂದು ಭಾಷೆಯವಲ್ಲ. ಹ್ಯಾಸ್ಕೆಲ್ ಮತ್ತು ಎಂಎಲ್ ಮಾದರಿಯ ಬರವಣಿಗೆಯನ್ನು ಕನ್ನಡ ಪದಗಳಲ್ಲಿ ತೋರಿಸಲಾಗಿದೆ.

## ಷರತ್ತು ಉಕ್ತಿ

ಆಜ್ಞಾಪ್ರಧಾನ ಭಾಷೆಗಳಲ್ಲಿ ಷರತ್ತು ಎಂಬುದು ಸಾಮಾನ್ಯವಾಗಿ ಒಂದು ಹೇಳಿಕೆ. ಅದು ಮುಂದೆ ಯಾವ ಕೆಲಸ ನಡೆಯಬೇಕೆಂದು ಸೂಚಿಸುತ್ತದೆಯೇ ಹೊರತು ತಾನಾಗಿ ಯಾವ ಬೆಲೆಯನ್ನೂ ಹೊಂದಿರುವುದಿಲ್ಲ. ಫಂಕ್ಷನಲ್ ಭಾಷೆಗಳಲ್ಲಿ ಷರತ್ತು ಒಂದು ಉಕ್ತಿ. ಬೀಜಗಣಿತದ ಬೀಜೋಕ್ತಿಗೆ ಬೆಲೆ ಇರುವಂತೆ ಇದಕ್ಕೂ ಬೆಲೆ ಇರುತ್ತದೆ:

    ಫಲಿತಾಂಶ ಅಂಕ =
        ಅಂಕ ≥ 35 ಆದರೆ "ಉತ್ತೀರ್ಣ" ಇಲ್ಲದಿದ್ದರೆ "ಅನುತ್ತೀರ್ಣ"

ಇದರಿಂದ ಎರಡು ಪರಿಣಾಮಗಳು ಉಂಟಾಗುತ್ತವೆ. ಮೊದಲನೆಯದಾಗಿ, 'ಇಲ್ಲದಿದ್ದರೆ' ಭಾಗವನ್ನು ಬಿಡಲು ಬರುವುದಿಲ್ಲ. ಬಿಟ್ಟರೆ ಅಂಕ 35ಕ್ಕಿಂತ ಕಡಿಮೆಯಿದ್ದಾಗ ಉಕ್ತಿಗೆ ಬೆಲೆಯೇ ಇರುವುದಿಲ್ಲ. ಎರಡನೆಯದಾಗಿ, ಎರಡೂ ಭಾಗಗಳ ಬೆಲೆಗಳು ಒಂದೇ ಪ್ರಕಾರಕ್ಕೆ ಸೇರಿರಬೇಕು. ಒಂದು ಕಡೆ ಪದ, ಇನ್ನೊಂದು ಕಡೆ ಸಂಖ್ಯೆ ಬಂದರೆ ಪ್ರಕಾರಗಳನ್ನು ಪರೀಕ್ಷಿಸುವ ಕಂಪೈಲರ್ ಅದನ್ನು ಒಪ್ಪುವುದಿಲ್ಲ.

## ವಿನ್ಯಾಸದ ಬಗೆಗಳು

ವಿನ್ಯಾಸವೆಂದರೆ ಬೆಲೆಯೊಂದು ಹೇಗೆ ಕಟ್ಟಲ್ಪಟ್ಟಿದೆ ಎಂಬುದರ ವಿವರಣೆ. ಮುಖ್ಯ ಬಗೆಗಳು ಹೀಗಿವೆ:

* ಸ್ಥಿರ ವಿನ್ಯಾಸ: 0, "ವಾಡಿ" ಮುಂತಾದ ನಿಗದಿತ ಬೆಲೆ. ಅದೇ ಬೆಲೆ ಬಂದಾಗ ಮಾತ್ರ ಹೊಂದುತ್ತದೆ.
* ಚರ ವಿನ್ಯಾಸ: ಒಂದು ಹೆಸರು. ಯಾವ ಬೆಲೆ ಬಂದರೂ ಹೊಂದುತ್ತದೆ ಮತ್ತು ಆ ಬೆಲೆಗೆ ಆ ಹೆಸರು ಅಂಟಿಕೊಳ್ಳುತ್ತದೆ.
* ಅಡಿಗೆರೆ ವಿನ್ಯಾಸ: '_' ಎಂದು ಬರೆಯುವ ಚಿಹ್ನೆ. ಯಾವ ಬೆಲೆ ಬಂದರೂ ಹೊಂದುತ್ತದೆ, ಆದರೆ ಹೆಸರು ಕೊಡುವುದಿಲ್ಲ.
* ರಚಕ ವಿನ್ಯಾಸ: ಬೆಲೆಯನ್ನು ಕಟ್ಟಲು ಬಳಸಿದ ರಚಕದ ಹೆಸರು ಮತ್ತು ಅದರ ಒಳಭಾಗಗಳಿಗೆ ಒಂದೊಂದು ವಿನ್ಯಾಸ.

ರಚಕ ವಿನ್ಯಾಸದೊಳಗೆ ಮತ್ತೊಂದು ರಚಕ ವಿನ್ಯಾಸವನ್ನು ಇಡಬಹುದಾದ್ದರಿಂದ ಎಷ್ಟೇ ಆಳದ ದತ್ತಾಂಶವನ್ನಾದರೂ ಒಂದೇ ಸಾಲಿನಲ್ಲಿ ಬಿಡಿಸಿ ನೋಡಲು ಸಾಧ್ಯ. ಪಟ್ಟಿಯ ಮೊತ್ತ ಕಂಡುಹಿಡಿಯುವ ಫಂಕ್ಷನ್ ಇದಕ್ಕೆ ಪ್ರಸಿದ್ಧ ಉದಾಹರಣೆ:

    ಮೊತ್ತ [] = 0
    ಮೊತ್ತ (ಮೊದಲು : ಉಳಿದವು) = ಮೊದಲು + ಮೊತ್ತ ಉಳಿದವು

ಪಟ್ಟಿ ಒಂದೋ ಬರಿದಾಗಿರುತ್ತದೆ, ಇಲ್ಲವೇ ಒಂದು ಮೊದಲ ಅಂಶ ಮತ್ತು ಉಳಿದ ಪಟ್ಟಿಯಿಂದ ಕೂಡಿರುತ್ತದೆ. ಮೂರನೆಯ ರೂಪವಿಲ್ಲ. ಫಂಕ್ಷನ್ನಿನ ಎರಡು ಸಾಲುಗಳು ಈ ಎರಡು ರೂಪಗಳಿಗೆ ಸಮನಾಗಿ ನಿಲ್ಲುತ್ತವೆ. [4, 7, 9] ಎಂಬ ಪಟ್ಟಿಗೆ ಲೆಕ್ಕ 4 + (7 + (9 + 0)) ಎಂದು ಬಿಚ್ಚಿಕೊಂಡು 20 ಬರುತ್ತದೆ. ದತ್ತಾಂಶದ ಆಕಾರವೇ ಕ್ರಮವಿಧಿಯ ಆಕಾರವನ್ನು ನಿರ್ಧರಿಸುವ ಈ ಗುಣದಿಂದಾಗಿ ಫಂಕ್ಷನ್ ಸರಿಯಿದೆಯೆಂದು ಗಣಿತೀಯ ಅನುಗಮನದಿಂದ ಸಾಧಿಸುವುದೂ ಸುಲಭವಾಗುತ್ತದೆ.

## ಸಾಲುಗಳ ಕ್ರಮ ಮತ್ತು ಕಾವಲು ಷರತ್ತು

ವಿನ್ಯಾಸಗಳನ್ನು ಮೇಲಿನಿಂದ ಕೆಳಕ್ಕೆ ಒಂದೊಂದಾಗಿ ನೋಡಲಾಗುತ್ತದೆ; ಮೊದಲು ಹೊಂದಿದ ಸಾಲೇ ಆಯ್ಕೆಯಾಗುತ್ತದೆ. ಆದ್ದರಿಂದ ವಿಶೇಷ ನಿಯಮ ಮೇಲೆ, ಸಾಮಾನ್ಯ ನಿಯಮ ಕೆಳಗೆ ಇರಬೇಕು.

ಕನ್ನಡದ ಸಪ್ತಮೀ ವಿಭಕ್ತಿ ಇದಕ್ಕೆ ಒಳ್ಳೆಯ ನಿದರ್ಶನ. ಕಲಬುರಗಿ ಜಿಲ್ಲೆಯ ಐದು ಊರುಗಳ ಹೆಸರುಗಳಿಗೆ 'ಅಲ್ಲಿ' ಪ್ರತ್ಯಯ ಸೇರಿದಾಗ ಚಿತ್ತಾಪುರದಲ್ಲಿ, ವಾಡಿಯಲ್ಲಿ, ಚಿಂಚೋಳಿಯಲ್ಲಿ, ಸೇಡಂನಲ್ಲಿ, ಶಹಾಬಾದ್‌ನಲ್ಲಿ ಎಂಬ ರೂಪಗಳು ಬರುತ್ತವೆ. ಪ್ರತ್ಯಯ ಒಂದೇ ಆದರೂ ಹೆಸರಿನ ಕೊನೆಯ ಧ್ವನಿಗೆ ಅನುಗುಣವಾಗಿ ನಡುವೆ ದಕಾರ, ಯಕಾರ ಅಥವಾ ನಕಾರ ಬರುತ್ತದೆ. ಎಲ್ಲ ಹೆಸರುಗಳಿಗೂ ಒಂದೇ ಪ್ರತ್ಯಯರೂಪವನ್ನು ಜೋಡಿಸುವ ತಂತ್ರಾಂಶ 'ಚಿತ್ತಾಪುರನಲ್ಲಿ', 'ವಾಡಿದಲ್ಲಿ' ಎಂಬ ತಪ್ಪು ರೂಪಗಳನ್ನು ಅಚ್ಚಿಸುತ್ತದೆ. ಹೆಸರಿನ ಅಂತ್ಯವನ್ನು ಒಂದು ಪ್ರಕಾರವಾಗಿ ನಿರೂಪಿಸಿದರೆ ನಿಯಮವನ್ನು ಹೀಗೆ ಬರೆಯಬಹುದು. ಸರಳತೆಗಾಗಿ ಇಲ್ಲಿ ಆರು ಅಂತ್ಯಗಳನ್ನಷ್ಟೇ ಪರಿಗಣಿಸಲಾಗಿದೆ:

    ಪ್ರಕಾರ ಅಂತ್ಯ =
        ಅಕಾರ | ಇಕಾರ | ಎಕಾರ | ಉಕಾರ | ಅನುಸ್ವಾರ | ವ್ಯಂಜನ

    ಸಪ್ತಮಿ ಹೆಸರು = (ಕೊನೆ ಹೆಸರು) ನೋಡಿ
        ಅಕಾರ, ವ್ಯಕ್ತಿಯಾದರೆ → ಹೆಸರು + "ನಲ್ಲಿ"
        ಅಕಾರ → ಹೆಸರು + "ದಲ್ಲಿ"
        ಇಕಾರ → ಹೆಸರು + "ಯಲ್ಲಿ"
        ಎಕಾರ → ಹೆಸರು + "ಯಲ್ಲಿ"
        ಅನುಸ್ವಾರ → ಹೆಸರು + "ನಲ್ಲಿ"
        ವ್ಯಂಜನ → ಹೆಸರು + "ನಲ್ಲಿ"

ಮೊದಲ ಸಾಲಿನ 'ವ್ಯಕ್ತಿಯಾದರೆ' ಎಂಬುದು ಕಾವಲು ಷರತ್ತು. ಚಿತ್ತಾಪುರ ಮತ್ತು ಬಸವ ಎರಡೂ ಅಕಾರಾಂತ ಪದಗಳು; ಆದರೆ ಒಂದು ಚಿತ್ತಾಪುರದಲ್ಲಿ ಎಂದೂ ಇನ್ನೊಂದು ಬಸವನಲ್ಲಿ ಎಂದೂ ಆಗುತ್ತದೆ. ರೂಪವೊಂದರಿಂದಲೇ ಈ ವ್ಯತ್ಯಾಸವನ್ನು ತಿಳಿಯಲಾಗದು. ಅಂತಹ ಕಡೆ ವಿನ್ಯಾಸದ ಜೊತೆಗೆ ಷರತ್ತನ್ನೂ ಇಡಲಾಗುತ್ತದೆ. ವಿನ್ಯಾಸ ಹೊಂದಿದ ಮೇಲೆ ಷರತ್ತು ನಿಜವಾದರೆ ಮಾತ್ರ ಆ ಸಾಲು ಆಯ್ಕೆಯಾಗುತ್ತದೆ, ಇಲ್ಲದಿದ್ದರೆ ಮುಂದಿನ ಸಾಲಿಗೆ ಸರದಿ ಬರುತ್ತದೆ. ಮೊದಲೆರಡು ಸಾಲುಗಳನ್ನು ಅದಲುಬದಲು ಮಾಡಿದರೆ ಅಕಾರಾಂತ ಪದಗಳೆಲ್ಲವೂ 'ದಲ್ಲಿ' ಸಾಲಿನಲ್ಲಿಯೇ ನಿಂತುಬಿಡುತ್ತವೆ, ವ್ಯಕ್ತಿಗಳ ಸಾಲು ಎಂದಿಗೂ ತಲುಪಲಾಗದ ಸಾಲಾಗುತ್ತದೆ. ಅನೇಕ ಕಂಪೈಲರ್‌ಗಳು ಇಂತಹ ನಿರರ್ಥಕ ಸಾಲುಗಳನ್ನು ಗುರುತಿಸಿ ಎಚ್ಚರಿಸುತ್ತವೆ.

## ಸಮಗ್ರತೆಯ ಪರೀಕ್ಷೆ

ಮೇಲಿನ ಫಂಕ್ಷನ್ ಐದು ಊರುಗಳಿಗೂ ಸರಿಯಾದ ಉತ್ತರ ಕೊಡುತ್ತದೆ. ಆದರೂ ಅದು ಅಪೂರ್ಣ. ಪ್ರಕಾರದಲ್ಲಿ ಉಕಾರವಿದೆ, ಫಂಕ್ಷನ್ನಿನಲ್ಲಿ ಅದರ ಸಾಲಿಲ್ಲ. ಐದು ಊರುಗಳಲ್ಲಿ ಒಂದೂ ಉಕಾರಾಂತವಲ್ಲದ ಕಾರಣ ಅವುಗಳಿಂದ ಪರೀಕ್ಷಿಸಿದಾಗ ಈ ಕೊರತೆ ಹೊರಬೀಳುವುದಿಲ್ಲ. ರಾಯಚೂರು ಎಂಬ ಹೆಸರು ಬಂದಾಗ ಕಾರ್ಯಕ್ರಮ ನಿಂತುಹೋಗುತ್ತದೆ. ಪ್ರಕಾರದ ಎಲ್ಲ ರಚಕಗಳನ್ನೂ ಬಲ್ಲ ಕಂಪೈಲರ್ ಮಾತ್ರ ಯಾವ ಹೆಸರೂ ಬರುವ ಮುನ್ನವೇ 'ಉಕಾರಕ್ಕೆ ಸಾಲಿಲ್ಲ' ಎಂದು ಸೂಚಿಸಬಲ್ಲದು. ಇದೇ ಸಮಗ್ರತೆಯ ಪರೀಕ್ಷೆ. ವಿನ್ಯಾಸ ಹೊಂದಾಣಿಕೆಯ ಅತ್ಯಂತ ಉಪಯುಕ್ತ ಗುಣವೆಂದು ಇದನ್ನು ಪರಿಗಣಿಸಲಾಗುತ್ತದೆ.

ರಸ್ಟ್ ಮತ್ತು ಸ್ವಿಫ್ಟ್ ಭಾಷೆಗಳಲ್ಲಿ ಅಪೂರ್ಣ ಹೊಂದಾಣಿಕೆ ದೋಷವೆಂದೇ ಪರಿಗಣಿತವಾಗಿದ್ದು ಕಾರ್ಯಕ್ರಮ ಸಿದ್ಧವಾಗುವುದಿಲ್ಲ. ಓಕ್ಯಾಮಲ್ ಮತ್ತು ಸ್ಟ್ಯಾಂಡರ್ಡ್ ಎಂಎಲ್ ಎಚ್ಚರಿಕೆ ಕೊಡುತ್ತವೆ. ಎರ್ಲಾಂಗ್‌ನಲ್ಲಿ ಸಾಲು ಹೊಂದದಿದ್ದರೆ ಕಾರ್ಯಕ್ರಮ ನಡೆಯುವಾಗ ದೋಷ ಉಂಟಾಗುತ್ತದೆ.

ದತ್ತಾಂಶದ ಪ್ರಕಾರ ಬದಲಾದಾಗ ಸಮಗ್ರತೆಯ ಬೆಲೆ ಇನ್ನಷ್ಟು ಸ್ಪಷ್ಟವಾಗುತ್ತದೆ. ಯಾದಗಿರಿ ಪ್ರತ್ಯೇಕ ಜಿಲ್ಲೆಯಾದ ಮೇಲೆ ಕಲಬುರಗಿ ಜಿಲ್ಲೆಯಲ್ಲಿ ಏಳು ತಾಲ್ಲೂಕುಗಳು ಉಳಿದಿದ್ದವು:

    ಪ್ರಕಾರ ತಾಲ್ಲೂಕು =
        ಅಫಜಲಪುರ | ಆಳಂದ | ಕಲಬುರಗಿ | ಚಿಂಚೋಳಿ
        | ಚಿತ್ತಾಪುರ | ಜೇವರ್ಗಿ | ಸೇಡಂ

ಬಳಿಕ ಕಮಲಾಪುರ, ಕಾಳಗಿ, ಯಡ್ರಾಮಿ ಮತ್ತು ಶಹಾಬಾದ್ ಹೊಸ ತಾಲ್ಲೂಕುಗಳಾಗಿ ಸಂಖ್ಯೆ 11ಕ್ಕೆ ಏರಿತು. ಹಿಂದೆ ಚಿತ್ತಾಪುರ ತಾಲ್ಲೂಕಿಗೆ ಸೇರಿದ್ದ ಶಹಾಬಾದ್ ಬೇರೆಯಾಯಿತು, ವಾಡಿ ಚಿತ್ತಾಪುರದಲ್ಲಿಯೇ ಉಳಿಯಿತು. ತಾಲ್ಲೂಕುವಾರು ಲೆಕ್ಕ ಮಾಡುವ ಒಂದು ತಂತ್ರಾಂಶವನ್ನು ಊಹಿಸಿಕೊಂಡರೆ, ಪ್ರಕಾರಕ್ಕೆ ನಾಲ್ಕು ರಚಕಗಳನ್ನು ಸೇರಿಸಿದ ಕೂಡಲೇ ಕಂಪೈಲರ್ ತಿದ್ದಬೇಕಾದ ಪ್ರತಿಯೊಂದು ಫಂಕ್ಷನ್ನನ್ನೂ ತೋರಿಸುತ್ತದೆ. ಆದರೆ ಕೊನೆಯಲ್ಲಿ '_ → ಇತರೆ' ಎಂಬ ಸಾಲನ್ನು ಇಟ್ಟಿರುವ ಫಂಕ್ಷನ್‌ಗಳು ಮೌನವಾಗಿರುತ್ತವೆ: ಶಹಾಬಾದ್‌ನ ಲೆಕ್ಕ 'ಇತರೆ' ಎಂಬ ಕಾಲಮ್ಮಿಗೆ ಹೋಗುತ್ತದೆ, ಯಾವ ಎಚ್ಚರಿಕೆಯೂ ಬರುವುದಿಲ್ಲ. ಆದ್ದರಿಂದ ಬದಲಾಗಬಹುದಾದ ಪ್ರಕಾರಗಳ ಮೇಲೆ ಅಡಿಗೆರೆ ವಿನ್ಯಾಸವನ್ನು ಬಳಸಬಾರದೆಂಬುದು ಅನುಭವಿಗಳ ಸಾಮಾನ್ಯ ಸಲಹೆ.

## ಇಲ್ಲದ ಬೆಲೆಯ ನಿರೂಪಣೆ

ಕೆಲವು ಪ್ರಶ್ನೆಗಳಿಗೆ ಉತ್ತರವೇ ಇರುವುದಿಲ್ಲ. ಅನೇಕ ಭಾಷೆಗಳು ಇದನ್ನು 'ನಲ್' ಎಂಬ ಶೂನ್ಯ ನಿರ್ದೇಶನದಿಂದ ಸೂಚಿಸುತ್ತವೆ. 1965ರಲ್ಲಿ ಇದನ್ನು ರೂಪಿಸಿದ ಟೋನಿ ಹೋರ್ ಅವರೇ 2009ರಲ್ಲಿ ಇದನ್ನು ಶತಕೋಟಿ ಡಾಲರಿನ ತಪ್ಪು ಎಂದು ಕರೆದರು. ಫಂಕ್ಷನಲ್ ಭಾಷೆಗಳು ಇದರ ಬದಲು 'ಉಂಟು' ಮತ್ತು 'ಇಲ್ಲ' ಎಂಬ ಎರಡು ರಚಕಗಳ ಪ್ರಕಾರವನ್ನು ಬಳಸುತ್ತವೆ. ಹ್ಯಾಸ್ಕೆಲ್‌ನಲ್ಲಿ ಇದರ ಹೆಸರು ಮೇಬಿ, ಓಕ್ಯಾಮಲ್ ಮತ್ತು ರಸ್ಟ್‌ಗಳಲ್ಲಿ ಆಪ್ಷನ್.

    ಮಾರ್ಗ "ಶಹಾಬಾದ್" = ಉಂಟು "ಸೊಲ್ಲಾಪುರ–ವಾಡಿ"
    ಮಾರ್ಗ "ಚಿತ್ತಾಪುರ" = ಉಂಟು "ವಾಡಿ–ಸಿಕಂದರಾಬಾದ್"
    ಮಾರ್ಗ "ಸೇಡಂ" = ಉಂಟು "ವಾಡಿ–ಸಿಕಂದರಾಬಾದ್"
    ಮಾರ್ಗ "ವಾಡಿ" = ಉಂಟು "ಜಂಕ್ಷನ್"
    ಮಾರ್ಗ _ = ಇಲ್ಲ

ವಾಡಿಯಿಂದ ಸಿಕಂದರಾಬಾದ್‌ಗೆ ಹೋಗುವ ರೈಲು ಮಾರ್ಗ ನಿಜಾಮರ ಕಾಲದಲ್ಲಿ, 1874ರಲ್ಲಿ ಆರಂಭವಾದದ್ದು. ಚಿತ್ತಾಪುರ ಮತ್ತು ಸೇಡಂ ಆ ಮಾರ್ಗದಲ್ಲಿವೆ. ಚಿಂಚೋಳಿ ಪಟ್ಟಣ ರೈಲು ಮಾರ್ಗದಲ್ಲಿಲ್ಲ, ಆದ್ದರಿಂದ ಅದಕ್ಕೆ 'ಇಲ್ಲ' ಎಂಬ ಉತ್ತರ ಸರಿಯಾಗಿಯೇ ಬರುತ್ತದೆ. ಈ ಫಂಕ್ಷನ್ನಿನ ಉತ್ತರವನ್ನು ಬಳಸುವವರು 'ಉಂಟು' ಮತ್ತು 'ಇಲ್ಲ' ಎರಡಕ್ಕೂ ಸಾಲು ಬರೆಯಬೇಕಾದ್ದರಿಂದ ಇಲ್ಲದ ಮಾರ್ಗವನ್ನು ಇದೆಯೆಂದು ಭಾವಿಸಿ ಮುಂದುವರಿಯುವ ದೋಷಕ್ಕೆ ಆಸ್ಪದವಿರುವುದಿಲ್ಲ.

ಇಲ್ಲಿಯೂ ಅಡಿಗೆರೆಯ ಅಪಾಯವಿದೆ. 'ಸೇಡಮ್' ಎಂದು ಬರೆದರೂ 'ಇಲ್ಲ' ಎಂಬ ಉತ್ತರವೇ ಬರುತ್ತದೆ. ಊರಿಗೆ ರೈಲಿಲ್ಲ ಎಂಬುದೂ ಊರಿನ ಹೆಸರು ಕಾರ್ಯಕ್ರಮಕ್ಕೆ ಗೊತ್ತಿಲ್ಲ ಎಂಬುದೂ ಬೇರೆ ಬೇರೆ ಸಂಗತಿಗಳು. ಇವನ್ನು ಬೇರ್ಪಡಿಸಲು 'ಅಪರಿಚಿತ' ಎಂಬ ಮೂರನೆಯ ರಚಕವಿರುವ ಪ್ರಕಾರ ಬೇಕು, ಚಿಂಚೋಳಿಗೆ ತನ್ನದೇ ಸಾಲು ಬೇಕು.

## ಇತಿಹಾಸ

1957ರ ಫೋರ್ಟ್ರಾನ್‌ನಲ್ಲಿ ಷರತ್ತು ಎಂಬುದು ಒಂದು ಜಿಗಿತವಾಗಿತ್ತು: ಸಂಖ್ಯೆ ಋಣವೋ, ಸೊನ್ನೆಯೋ, ಧನವೋ ಎಂಬುದನ್ನು ನೋಡಿ ಮೂರು ಸಾಲುಗಳಲ್ಲಿ ಒಂದಕ್ಕೆ ಹೋಗುವುದು. ಬೆಲೆಯುಳ್ಳ ಷರತ್ತು ಉಕ್ತಿಯನ್ನು ಪ್ರೋಗ್ರಾಮಿಂಗ್‌ಗೆ ತಂದವರು ಜಾನ್ ಮೆಕಾರ್ಥಿ. 1960ರಲ್ಲಿ ಪ್ರಕಟವಾದ ಲಿಸ್ಪ್ ಕುರಿತ ಅವರ ಪ್ರಬಂಧದಲ್ಲಿ ಪುನರಾವರ್ತಕ ಫಂಕ್ಷನ್‌ಗಳನ್ನು ಷರತ್ತು ಉಕ್ತಿಗಳಿಂದಲೇ ನಿರೂಪಿಸಲಾಗಿದೆ. ಅಲ್ಗಾಲ್ 60 ಭಾಷೆಗೂ ಷರತ್ತು ಉಕ್ತಿ ಸೇರಿತು.

ಅಕ್ಷರಮಾಲೆಗಳಲ್ಲಿ ವಿನ್ಯಾಸ ಹುಡುಕುವ ಸ್ನೋಬಾಲ್ ಭಾಷೆ 1962ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಆರಂಭವಾಯಿತು. ದತ್ತಾಂಶದ ರಚನೆಗೆ ಅನ್ವಯಿಸುವ ಇಂದಿನ ಬಗೆಯ ಹೊಂದಾಣಿಕೆ 1970ರ ದಶಕದಲ್ಲಿ ಬೆಳೆಯಿತು. ಎಡಿನ್‌ಬರೋದಲ್ಲಿ ರಾಡ್ ಬರ್ಸ್ಟಾಲ್ ಮತ್ತು ಜಾನ್ ಡಾರ್ಲಿಂಗ್ಟನ್ ಎನ್‌ಪಿಎಲ್ ಭಾಷೆಯಲ್ಲಿ ಸಮೀಕರಣಗಳ ರೂಪದಲ್ಲಿ ಫಂಕ್ಷನ್ ಬರೆಯುವ ಪದ್ಧತಿಯನ್ನು ತಂದರು. ಅದು 1980ರ ಹೋಪ್ ಭಾಷೆಗೆ ಮುಂದುವರಿಯಿತು. ಡೇವಿಡ್ ಟರ್ನರ್ ಅವರ ಮಿರಾಂಡಾ, ರಾಬಿನ್ ಮಿಲ್ನರ್ ಅವರಿಂದ ಆರಂಭವಾದ ಎಂಎಲ್ ಪರಂಪರೆ ಮತ್ತು 1990ರ ಹ್ಯಾಸ್ಕೆಲ್ ಇದನ್ನು ವ್ಯಾಪಕಗೊಳಿಸಿದವು. 1980ರ ದಶಕದಲ್ಲಿ ಎರಿಕ್ಸನ್ ಸಂಸ್ಥೆಯಲ್ಲಿ ದೂರವಾಣಿ ವಿನಿಮಯ ಕೇಂದ್ರಗಳಿಗಾಗಿ ರೂಪಿತವಾದ ಎರ್ಲಾಂಗ್‌ನಲ್ಲಿ ಬಂದ ಸಂದೇಶಗಳನ್ನು ವಿಂಗಡಿಸುವ ಕೆಲಸವನ್ನು ವಿನ್ಯಾಸ ಹೊಂದಾಣಿಕೆಯೇ ನಿರ್ವಹಿಸುತ್ತದೆ.

ಫಂಕ್ಷನಲ್ ಅಲ್ಲದ ಭಾಷೆಗಳೂ ಬಳಿಕ ಇದನ್ನು ಸ್ವೀಕರಿಸಿದವು. 2021ರ ಪೈಥಾನ್ 3.10 ಆವೃತ್ತಿಯಲ್ಲಿ ಮತ್ತು 2023ರ ಜಾವಾ 21 ಆವೃತ್ತಿಯಲ್ಲಿ ಈ ಸೌಲಭ್ಯವಿದೆ.

## ಗಣಿತಸಾರಸಂಗ್ರಹದ ಪ್ರಕರಣ ನಿಯಮಗಳು

ರೂಪಕ್ಕೊಂದು ನಿಯಮ ಹೇಳುವ ಪದ್ಧತಿ ಕಂಪ್ಯೂಟರ್‌ಗಿಂತ ಬಹಳ ಹಳೆಯದು. ಸೇಡಂ ತಾಲ್ಲೂಕಿನ ಮಳಖೇಡ, ಅಂದರೆ ಪ್ರಾಚೀನ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿಯಾಗಿತ್ತು. ಅಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ಗಣಿತಸಾರಸಂಗ್ರಹವನ್ನು ರಚಿಸಿದನು. ಗ್ರಂಥದ ಆರಂಭದಲ್ಲಿ ಅಮೋಘವರ್ಷನ ಪ್ರಶಂಸೆಯಿದೆ. ಅದರಲ್ಲಿ ಧನ, ಋಣ ಮತ್ತು ಸೊನ್ನೆಗಳ ಕ್ರಿಯೆಗಳನ್ನು ಪ್ರಕರಣಗಳಾಗಿ ವಿಂಗಡಿಸಿ ಹೇಳಲಾಗಿದೆ. ಗುಣಾಕಾರದ ಚಿಹ್ನೆಯ ನಿಯಮಗಳನ್ನು ಇಂದಿನ ಬರವಣಿಗೆಯಲ್ಲಿ ಹೀಗೆ ತೋರಿಸಬಹುದು:

    ಗುಣಿಸು ಧನ ಧನ = ಧನ
    ಗುಣಿಸು ಋಣ ಋಣ = ಧನ
    ಗುಣಿಸು ಧನ ಋಣ = ಋಣ
    ಗುಣಿಸು ಋಣ ಧನ = ಋಣ
    ಗುಣಿಸು ಸೊನ್ನೆ _ = ಸೊನ್ನೆ
    ಗುಣಿಸು _ ಸೊನ್ನೆ = ಸೊನ್ನೆ

ಮೂರು ಚಿಹ್ನೆಗಳ ಜೋಡಿಗಳು ಒಟ್ಟು ಒಂಬತ್ತು; ಆರು ಸಾಲುಗಳು ಒಂಬತ್ತನ್ನೂ ಒಳಗೊಳ್ಳುತ್ತವೆ. ಕೊನೆಯ ಸಾಲನ್ನು ತೆಗೆದರೆ 'ಧನ ಸೊನ್ನೆ' ಮತ್ತು 'ಋಣ ಸೊನ್ನೆ' ಎಂಬ ಎರಡು ಜೋಡಿಗಳು ಹೊರಗುಳಿಯುತ್ತವೆ.

ಋಣ ಸಂಖ್ಯೆ ಸ್ವಭಾವತಃ ಯಾವುದರ ವರ್ಗವೂ ಅಲ್ಲವಾದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದೂ ಮಹಾವೀರನು ಹೇಳಿದ್ದಾನೆ. ಇದನ್ನು ಮೇಲೆ ವಿವರಿಸಿದ 'ಇಲ್ಲ' ಎಂಬ ಉತ್ತರಕ್ಕೆ ಹೋಲಿಸಬಹುದು.

ಸೊನ್ನೆಯಿಂದ ಭಾಗಿಸುವ ಪ್ರಕರಣದಲ್ಲಿ ಮಾತ್ರ ಅವನ ನಿಯಮ ಇಂದಿನ ಗಣಿತಕ್ಕೆ ಒಪ್ಪುವುದಿಲ್ಲ. ಸೊನ್ನೆಯಿಂದ ಭಾಗಿಸಿದ ಸಂಖ್ಯೆ ಬದಲಾಗದೆ ಉಳಿಯುತ್ತದೆ ಎಂಬುದು ಅವನ ನಿಲುವು. ಎರಡು ನಿರೂಪಣೆಗಳನ್ನು ಹೋಲಿಸಬಹುದು:

    ಭಾಗಿಸು1 ಅ 0 = ಉಂಟು ಅ
    ಭಾಗಿಸು1 ಅ ಬ = ಉಂಟು (ಅ ÷ ಬ)

    ಭಾಗಿಸು2 _ 0 = ಇಲ್ಲ
    ಭಾಗಿಸು2 ಅ ಬ = ಉಂಟು (ಅ ÷ ಬ)

ಎರಡೂ ಸಮಗ್ರವಾಗಿವೆ, ಕಂಪೈಲರ್ ಎರಡನ್ನೂ ಒಪ್ಪುತ್ತದೆ. ಆದರೆ ಮೊದಲನೆಯದರಲ್ಲಿ 5ನ್ನು 0ಯಿಂದ ಭಾಗಿಸಿದರೆ 5 ಬರುತ್ತದೆ. ಆ 5ನ್ನು ಮತ್ತೆ 0ಯಿಂದ ಗುಣಿಸಿದರೆ ಮೂಲ ಸಂಖ್ಯೆಯ ಬದಲು 0 ಬರುತ್ತದೆ. ಭಾಗಾಕಾರವು ಗುಣಾಕಾರದ ವಿಲೋಮ ಎಂಬ ಸಂಬಂಧ ಮುರಿಯುತ್ತದೆ. ಪ್ರಕರಣವೊಂದು ಬಿಟ್ಟುಹೋಗಿಲ್ಲ ಎಂಬುದನ್ನು ಕಂಪೈಲರ್ ಖಚಿತಪಡಿಸಬಲ್ಲದು. ಆ ಪ್ರಕರಣಕ್ಕೆ ಕೊಟ್ಟ ಉತ್ತರ ಸರಿಯೇ ಎಂಬುದನ್ನು ಬರೆದವರೇ ಪರಿಶೀಲಿಸಬೇಕು.

## ಕಂಪೈಲರ್ ಕಾರ್ಯವಿಧಾನ

ಸಾಲುಗಳನ್ನು ಒಂದೊಂದಾಗಿ ಪರೀಕ್ಷಿಸುವುದು ಅರ್ಥ ನಿರೂಪಣೆಗೆ ಸರಿಯಾದರೂ ವೇಗಕ್ಕೆ ಅನುಕೂಲವಲ್ಲ. ಮೇಲಿನ ಗುಣಾಕಾರದಲ್ಲಿ 'ಸೊನ್ನೆ ಋಣ' ಎಂಬ ಜೋಡಿ ಬಂದರೆ ಮೊದಲ ನಾಲ್ಕು ಸಾಲುಗಳು ವ್ಯರ್ಥವಾಗಿ ಪರೀಕ್ಷೆಗೊಳಗಾಗುತ್ತವೆ. ಇದನ್ನು ತಪ್ಪಿಸಲು ಕಂಪೈಲರ್ ಸಾಲುಗಳನ್ನು ನಿರ್ಣಯ ವೃಕ್ಷವಾಗಿ ಪರಿವರ್ತಿಸುತ್ತದೆ: ಮೊದಲ ಬೆಲೆ ಸೊನ್ನೆಯೆಂದು ಒಂದೇ ಪರೀಕ್ಷೆಯಲ್ಲಿ ತಿಳಿದ ಕೂಡಲೇ ಉತ್ತರ ಸಿಗುತ್ತದೆ, ಎರಡನೆಯ ಬೆಲೆಯನ್ನು ನೋಡುವ ಅಗತ್ಯವೇ ಇರುವುದಿಲ್ಲ. ಲೆನ್ನಾರ್ಟ್ ಆಗಸ್ಟ್‌ಸನ್ 1985ರಲ್ಲಿ ವಿನ್ಯಾಸ ಹೊಂದಾಣಿಕೆಯ ಕಂಪೈಲಿಂಗ್ ಕುರಿತು ಪ್ರಬಂಧ ಪ್ರಕಟಿಸಿದರು. ಫಿಲಿಪ್ ವಾಡ್ಲರ್ 1987ರಲ್ಲಿ ಸೈಮನ್ ಪೇಟನ್ ಜೋನ್ಸ್ ಅವರ ಗ್ರಂಥದಲ್ಲಿ ಇದೇ ವಿಷಯದ ಅಧ್ಯಾಯ ಬರೆದರು. ಸಮಗ್ರತೆ ಮತ್ತು ನಿರರ್ಥಕ ಸಾಲುಗಳ ಪತ್ತೆಯ ಬಗ್ಗೆ ಲೂಕ್ ಮರಾಂಜೆ ಅವರ 2007ರ ಪ್ರಬಂಧ ಪ್ರಮುಖವಾದುದು.

## ಮಿತಿಗಳು

ಕಾವಲು ಷರತ್ತಿನ ಸತ್ಯಾಸತ್ಯತೆಯನ್ನು ಕಂಪೈಲರ್ ಸಾಮಾನ್ಯವಾಗಿ ಮುಂಚಿತವಾಗಿ ತಿಳಿಯಲಾರದು. 'ಸಂಖ್ಯೆ > 0', 'ಸಂಖ್ಯೆ ≤ 0' ಎಂಬ ಎರಡು ಕಾವಲುಗಳು ಸೇರಿ ಎಲ್ಲ ಪೂರ್ಣಾಂಕಗಳನ್ನೂ ಒಳಗೊಂಡಿದ್ದರೂ ಅನೇಕ ಕಂಪೈಲರ್‌ಗಳು ಹೊಂದಾಣಿಕೆ ಅಪೂರ್ಣವಿರಬಹುದೆಂದೇ ಭಾವಿಸುತ್ತವೆ. ಸಂಖ್ಯೆಗಳ ವ್ಯಾಪ್ತಿ, ಹೋಲಿಕೆ ಮುಂತಾದ ಕಡೆಗಳಲ್ಲಿ ಸರಳ ಷರತ್ತು ಉಕ್ತಿಯೇ ಹೆಚ್ಚು ಸ್ಪಷ್ಟ. ಅಲ್ಲದೆ, ವಿನ್ಯಾಸ ಹೊಂದಾಣಿಕೆ ದತ್ತಾಂಶದ ಒಳರಚನೆಯನ್ನು ಬಯಲು ಮಾಡುತ್ತದೆ. ರಚನೆ ಬದಲಾದರೆ ಅದನ್ನು ಬಳಸಿದ ಫಂಕ್ಷನ್‌ಗಳೆಲ್ಲವನ್ನೂ ತಿದ್ದಬೇಕಾಗುತ್ತದೆ. ದತ್ತಾಂಶಕ್ಕೆ ಹೊಸ ರೂಪಗಳು ಪದೇಪದೇ ಸೇರುವ ಕಡೆ ವಸ್ತುನಿಷ್ಠ ಪ್ರೋಗ್ರಾಮಿಂಗ್ ಪದ್ಧತಿಯೂ, ರೂಪಗಳು ಸ್ಥಿರವಾಗಿದ್ದು ಹೊಸ ಕ್ರಿಯೆಗಳು ಸೇರುವ ಕಡೆ ವಿನ್ಯಾಸ ಹೊಂದಾಣಿಕೆಯೂ ಅನುಕೂಲಕರವೆನಿಸುತ್ತವೆ.

## ಇವನ್ನೂ ನೋಡಿ

* ಫಂಕ್ಷನಲ್ ಪ್ರೋಗ್ರಾಮಿಂಗ್
* ಹ್ಯಾಸ್ಕೆಲ್
* ಲಿಸ್ಪ್
* ಮಹಾವೀರಾಚಾರ್ಯ
* ಮಳಖೇಡ
* ವಿಭಕ್ತಿ ಪ್ರತ್ಯಯಗಳು